ದೊರೆ ಎದ್ದಾಗ ಆರು ಗಂಟೆ

ಬಹಳ ಹಿಂದೆ, ನಡುಗಡಲಿನಲ್ಲಿ ಒಂಬತ್ತು ದ್ವೀಪಗಳ ಒಂದು ರಾಜ್ಯವಿತ್ತು. ಈಗಲೂ ಇರಬಹುದು, ಅಲ್ಲಿಯ ಗಡಿಯಾರ ನಂಬಿ ಏನೂ ಹೇಳುವಂತಿಲ್ಲ.

ಅಲ್ಲಿ ದ್ವೀಪಕ್ಕೊಂದು ಗಂಟೆ. ಸೂರ್ಯ ಕಂಡೊಡನೆ ಆರು ಬಾರಿಸಬೇಕು. ಅದು ಕೇಳದೆ ಯಾವ ದೋಣಿಯೂ ದಡ ಬಿಡಬಾರದು. ಅರಮನೆಯ ಅಂಗಳದಲ್ಲಿದ್ದ ರಾಜಧಾನಿಯ ಗಂಟೆ ಗುಲಾಬಿಯ ಪಾಲಿನದು. ಮೂರನೆಯ ತರಗತಿಗೇ ಶಾಲೆ ಬಿಟ್ಟವಳು, ನಾಲ್ಕು ಜನರೆದುರು ಬಾಯಿ ಬಿಡದವಳು. ಗಂಟೆಯೇ ಅಷ್ಟು ಮಾತಾಡುವಾಗ ತಾನೇಕೆ ಮಾತಾಡಬೇಕು ಎಂಬುದು ಅವಳ ಸಮಾಧಾನ.

ರಾಜಾಧಿರಾಜ ಶ್ರೀ ಉಷಾಪತಿವರ್ಮರು ಏಳುತ್ತಿದ್ದುದು ಹತ್ತಕ್ಕೆ. ನೆರೆಯ ದೊರೆ ಆರಕ್ಕೇ ಏಳುತ್ತಾನೆಂದು ಕೇಳಿ ಪ್ರಭುಗಳ ಮುಖ ಬಾಡಿತು. ಮಂತ್ರಿ ಸುಮುಖಭಟ್ಟರು ಸಮಿತಿ ರಚಿಸಿ, ಉಪಾಹಾರ ಮುಗಿಸಿ, ವರದಿ ಒಪ್ಪಿಸಿದರು: ಒಂಬತ್ತೂ ದ್ವೀಪಗಳಿಗೆ ಇನ್ನು ಒಂದೇ 'ಅರಮನೆ ಕಾಲವಲಯ', ಪ್ರಭುಗಳು ಕಣ್ಣು ತೆರೆದಾಗ ಆರು ಗಂಟೆ.

"ತಾವು ಏಳುವ ಮುನ್ನ ಬೀಳುವ ಬೆಳಕು ಅನಧಿಕೃತ, ಪ್ರಭೂ," ಎಂದರು ಭಟ್ಟರು.

ಗುಲಾಬಿಯ ಅಣ್ಣ ಬಚ್ಚನ ಹಾಯಿದೋಣಿ ಮೀನು ಹಿಡಿಯಲು ಕಡಲಿಗೆ ಹೋಗುತ್ತಿದ್ದುದು ಬೆಳಗಿನ ಗಾಳಿಯ ದಯೆಯಿಂದ. ಹತ್ತಕ್ಕೆಲ್ಲ ಗಾಳಿ ತಿರುಗಿ ದೋಣಿಯನ್ನು ದಡಕ್ಕೇ ತಳ್ಳುತ್ತದೆ. ಮನೆಯ ಒಲೆ ನಂಬಿದ್ದು ಆ ಮೀನನ್ನೇ. ರಾಜರ ಕಿವಿಗೆ ಗಾಳಿಯ ವಿಷಯ ಒಂದು ಮಾತು ಹಾಕು, ನಮ್ಮವರೆಂದು ಅರಮನೆಯಲ್ಲಿರುವವಳು ನೀನೊಬ್ಬಳೇ ಎಂದು ಬಚ್ಚ ಬೇಡಿಕೊಂಡ. ದಾರಿಯುದ್ದಕ್ಕೂ ಅವಳು ಆ ಮಾತನ್ನು ಬಾಯಿಪಾಠ ಮಾಡಿದಳು.

ಸಭೆಯಲ್ಲಿ ಪ್ರಭುಗಳು ಪ್ರಜಾಭಿಪ್ರಾಯ ಸಂಗ್ರಹಿಸಿದರು. "ಗಂಟೆಯ ಹುಡುಗಿ ಏನೆನ್ನುತ್ತಾಳೆ?"

ಅಷ್ಟು ಬಾಯಿಪಾಠ ಮಾಡಿದ್ದರಲ್ಲಿ ಹೊರಬಂದದ್ದು ಇಷ್ಟೇ: "ಹೂಂ."

ಸರ್ವಾನುಮತ ಎಂದು ಭಟ್ಟರು ಬರೆಸಿದರು.

ಮರುದಿನ ಹತ್ತಕ್ಕೆ, ಪ್ರಭುಗಳ ಆಕಳಿಕೆ ಆಲಿಸಿ, ಗುಲಾಬಿ ಆರು ಬಾರಿಸಿದಳು. ಸೂರ್ಯ ಹುಟ್ಟಿದಾಗಿನಿಂದ ಹಾಯಿ ಬಿಚ್ಚಿ ಕೂತಿದ್ದವರು ದೋಣಿ ನೂಕಿದರು. ಗಾಳಿ ಅವರನ್ನು ಬಹು ವಿನಯದಿಂದ ವಾಪಸು ತಂದಿತು. ತಿಂಗಳೊಳಗೆ ಸಂತೆಯಲ್ಲಿ ಮೀನಿನ ವಾಸನೆಯೂ ಉಳಿಯಲಿಲ್ಲ. ಪ್ರಜೆಗಳ ಸೋಮಾರಿತನವೇ ಕಾರಣವೆಂದು ಇನ್ನೊಂದು ಸಮಿತಿ ಹೇಳಿತು. ಗಾಳಿಗೆ ನೋಟಿಸು ಹೋಯಿತು. ಅದು ಉತ್ತರಿಸದ ಕಾರಣ ಜನರಿಗೆ ದಂಡ, ಮನೆಗೆರಡು ಒಣಮೀನು.

ಹಬ್ಬದಲ್ಲಿ ಪ್ರಭುಗಳಿಗೆ 'ಅರುಣೋದಯ ಚಕ್ರವರ್ತಿ' ಎಂಬ ಬಿರುದು, ಜೊತೆಗೆ ಹೊಸ ಕಿರೀಟ. ಸಮಯಪಾಲನೆಗಾಗಿ ಗುಲಾಬಿಗೆ ಒಂದು ಶಾಲು. ಮನೆಯಲ್ಲಿ ಬಚ್ಚ, ಮಡಕೆಯಲ್ಲಿದ್ದ ಕೊನೆಯ ಎರಡು ಒಣಮೀನನ್ನು ದಂಡಕ್ಕೆ ಕಟ್ಟಿಟ್ಟು, ಶಾಲನ್ನು ಮುಟ್ಟಿ ನೋಡಿ ಮೆತ್ತಗೆ ಕೇಳಿದ:

"ಇದನ್ನ ಹುರಿಯೂದಾ ತಂಗಿ, ಸಾರು ಮಾಡೂದಾ?"

ಗುಲಾಬಿ ಹೂಂ ಎಂದಳು.