ಶ್ಯಾಮ ಭಟ್ಟರ ಎಂಟನೆಯ ಕವಿತೆ

ಶ್ಯಾಮ ಭಟ್ಟರ ಅಂಗಿಯ ಕಿಸೆಯಿಂದ ಮಡಚಿದ ಕಾಗದದ ತುದಿಯೊಂದು, ಹೆಚ್ಚೆಂದರೆ ಅರ್ಧ ಇಂಚು, ಹೊರಗೆ ಇಣುಕುತ್ತಿತ್ತು. ಆ ಶುಕ್ರವಾರದ ಅನರ್ಥಗಳಿಗೆಲ್ಲ ಆ ಅರ್ಧ ಇಂಚೇ ಕಾರಣ.

ಭಟ್ಟರು ವಿದ್ಯಾನಗರದ ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತರು, ಕವಿಗಳೂ ಹೌದು. ಇಪ್ಪತ್ತೊಂದು ವರ್ಷಗಳಲ್ಲಿ ಅವರು ಬರೆದದ್ದು ಏಳು ಕವಿತೆ. ಸರಾಸರಿ ತೆಗೆದರೆ ಮೂರು ವರ್ಷಕ್ಕೊಂದು. ಉಳಿದ ಕವಿಗಳು ವಾರಕ್ಕೆ ಮೂರು ಬರೆದು, ಮದುವೆ ಮನೆಯ ಸಾರಿನಂತೆ ಬೇಡವೆಂದವರಿಗೂ ಬಡಿಸುತ್ತಿದ್ದಾಗ, ಭಟ್ಟರ ಹೆಸರು ಬಡಿಸದೆಯೇ ಬೆಳೆದಿತ್ತು. "ಬರೆಯುವುದು ಕಮ್ಮಿ, ಆದ್ರೆ ಬರೆದ್ರೆ ಉಂಟಲ್ಲ..." ಎಂದು ಊರಿನವರು ಹೇಳುತ್ತಿದ್ದರು. ಆ ವಾಕ್ಯವನ್ನು ಯಾರೂ ಪೂರ್ತಿ ಮಾಡಿದ್ದಿಲ್ಲ. ಪೂರ್ತಿ ಮಾಡಲು ಆ ಏಳು ಕವಿತೆಗಳನ್ನು ಓದಿರಬೇಕಾಗಿತ್ತು.

ಕಿಸೆಯಲ್ಲಿದ್ದದ್ದು ಎಂಟನೆಯದು. ಹೆಸರು 'ಶೂನ್ಯದ ಸ್ವಗತ'. ಅರುವತ್ತನಾಲ್ಕು ಸಾಲು, ನಾಲ್ಕು ವರ್ಷದ ದುಡಿಮೆ. ಹೆಂಡತಿಗೂ ತೋರಿಸಿರಲಿಲ್ಲ. ಅಂದು ಸಂಜೆ ಎಡನೀರಿನ ಬಳಿಯ ವಾಚನಾಲಯದಲ್ಲಿ ಕವಿಗೋಷ್ಠಿಯಿತ್ತು. ಅತ್ಯುತ್ತಮ ಕವಿತೆಗೆ ಶಾಲು ಹೊದಿಸುವುದೆಂದು ನಿರ್ಣಯವಾಗಿತ್ತು. ನಿಯಮ ಒಂದೇ: ಆ ಕವಿತೆಯನ್ನು ಅಲ್ಲಿಯವರೆಗೆ ಯಾರೂ ಓದಿರಬಾರದು, ಕೇಳಿರಬಾರದು. ಭಟ್ಟರ ಹೆಗಲಿಗೆ ಈ ತನಕ ಒಂದು ಶಾಲೂ ಬಿದ್ದಿರಲಿಲ್ಲ. ನಿಯಮವನ್ನು ತನ್ನ ಅಳತೆ ತೆಗೆದೇ ಹೊಲಿದಿದ್ದಾರೆಂದು ಅವರಿಗೆ ತೋರಿತು.

ಬಸ್ಸಿನಲ್ಲಿ ಪಕ್ಕಕ್ಕೆ ಬಂದು ಕುಳಿತವರು ನೆರೆಮನೆಯ ಮಹೇಶ್ವರ ಮಾಸ್ಟ್ರು. ನಿವೃತ್ತರಾಗಿ ಇಪ್ಪತ್ತನಾಲ್ಕು ವರ್ಷ ಕಳೆದರೂ ಅವರ ಕಣ್ಣು ಮಕ್ಕಳ ಕಿಸೆ ತಪಾಸಣೆ ಮಾಡುವ ಅಭ್ಯಾಸವನ್ನು ಬಿಟ್ಟಿರಲಿಲ್ಲ.

"ಎಂತ ಶ್ಯಾಮ, ಕಿಸೆಯಲ್ಲಿ ಇರುವುದು ಎಂಟನೆಯದ್ದಾ?"

ಭಟ್ಟರು ಕಾಗದವನ್ನು ಒಳಕ್ಕೆ ತಳ್ಳಿದರು. "ಸಂಜೆ ಕೇಳಬಹುದು ಮಾಸ್ಟ್ರೆ."

"ಸಂಜೆವರೆಗೆ ನಾನು ಇರ್ತೇನೆ ಅಂತ ಎಂತ ಗ್ಯಾರಂಟಿ? ಎಂಬತ್ತು ಆಗ್ತಾ ಬಂತು. ಒಂದು ಸಾಲು ಹೇಳು ಮಾರಾಯ. ನಿನಗೆ ಅಕ್ಷರ ಕಲಿಸಿದವ ನಾನು."

ಗುರುವಿನ ಆಯುಸ್ಸಿನ ಮೇಲೆ ವಾದ ಹೂಡುವುದು ಶಿಷ್ಯನಿಗೆ ಸಲ್ಲದು. ಅಷ್ಟರಲ್ಲಿ ಹಿಂದಿನ ಸೀಟಿನಲ್ಲಿ ತೂಕಡಿಸಿದ ಒಬ್ಬಾತ, ತಾನು ಇಳಿಯಬೇಕಾದ ಚೆರ್ಕಳ ದಾಟಿಹೋಯಿತೆಂದು ಕಂಡಕ್ಟರನೊಡನೆ ಜಗಳಕ್ಕೆ ನಿಂತಿದ್ದ. ಭಟ್ಟರು ಕಣ್ಣೆದುರಿನದನ್ನೇ ಸಾಲು ಮಾಡಿ ಮಾಸ್ಟ್ರ ಕಿವಿಯಲ್ಲಿ ಉಸುರಿದರು: "ಇಳಿಯುವ ನಿಲ್ದಾಣ ದಾಟಿದ ಮೇಲೆ."

ಮಾಸ್ಟ್ರು ಕಿವಿಯನ್ನು ಇನ್ನಷ್ಟು ಹತ್ತಿರ ತಂದರು. "ದಾಟಿದ ಮೇಲೆ ಎಂತಾಯ್ತು?"

"ಇಷ್ಟೇ ಹೇಳ್ಲಿಕ್ಕೆ ಆಗುವುದು. ಯಾರಿಗೂ ಹೇಳಬೇಡಿ."

ಗುಟ್ಟು ಹಲಸಿನ ಹಣ್ಣಿನ ಜಾತಿಗೆ ಸೇರಿದ್ದು. ಗೋಣಿಯಲ್ಲಿ ಕಟ್ಟಿ ಅಟ್ಟದ ಮೇಲಿಟ್ಟರೂ ವಾಸನೆ ಬೀದಿಗೆ ಬರುತ್ತದೆ. ಪಿಂಚಣಿಯ ಕೆಲಸಕ್ಕೆ ಬಂದ ಮಾಸ್ಟ್ರು ಕಚೇರಿಯ ಜಗಲಿಯಲ್ಲಿ ಹಿರಿಯ ಗುಮಾಸ್ತೆ ಗಂಗಕ್ಕನನ್ನು ಕಂಡು, "ಶ್ಯಾಮ ನನಗೊಂದು ಸಾಲು ಹೇಳಿದ್ದಾನೆ, ಎಂತ ಅಂತ ಹೇಳ್ಲಿಕ್ಕಿಲ್ಲ" ಎಂದಷ್ಟೇ ಹೇಳಿ ಹೋದರು.

ಹತ್ತೂವರೆಗೆ ಗಂಗಕ್ಕ ಕರೆದರು. "ಭಟ್ರೆ, ಮಾಸ್ಟ್ರಿಗಾದ್ರೆ ಆಗ್ತದೆ, ನನಗೆ ಆಗುವುದಿಲ್ಲ ಅಲ್ವಾ? ಎಂಟು ವರ್ಷದಿಂದ ನಿಮ್ಮ ಫೈಲು ತಿದ್ದುವುದು ಯಾರು?"

ಗಂಗಕ್ಕನಿಗೆ ಮುಂದಿನ ತಿಂಗಳು ನಿವೃತ್ತಿ. ಎಂಟು ವರ್ಷ ಗೋಡೆ ನೋಡಿ ಕೆಲಸ ಮಾಡಿದ ಅವರಿಗೆ, ಹಿಂದಿನ ದಿನವಷ್ಟೇ ಕಿಟಕಿ ಪಕ್ಕದ ಮೇಜು ದೊರೆತಿತ್ತು. ಭಟ್ಟರು ಕಿಟಕಿಯನ್ನೇ ನೋಡಿ ಹೇಳಿದರು: "ಕಿಟಕಿಯ ಬದಿ ಜಾಗ ಸಿಕ್ಕಿತು."

ಗಂಗಕ್ಕ ಕೈಯ ಫೈಲನ್ನು ಕೆಳಗಿಟ್ಟರು. "ನೀವು ಇದನ್ನೆಲ್ಲ ಗಮನಿಸ್ತೀರಿ ಅಂತ ನನಗೆ ಗೊತ್ತಿರ್ಲಿಲ್ಲ."

"ಯಾರಿಗೂ ಹೇಳಬೇಡಿ" ಎಂದರು ಭಟ್ಟರು.

ಹನ್ನೊಂದೂಕಾಲಕ್ಕೆ ಗೇಟಿನೆದುರಿನ ಪೊಕ್ಕರ್‌ನ ಚಹಾದಂಗಡಿಗೆ ಹೋದಾಗ, ಒಂದೇ ಮೇಜಿನಲ್ಲಿ ಮಾಸ್ಟ್ರೂ ಗಂಗಕ್ಕನೂ ಒಂದು ಚೀಟಿಯ ಮೇಲೆ ಬಗ್ಗಿ ಕುಳಿತಿದ್ದರು. ಚೀಟಿಯಲ್ಲಿ ಎರಡು ಸಾಲುಗಳಿದ್ದವು. ಭಟ್ಟರು ಹಿಂದಿರುಗುವ ಮೊದಲೇ ಪೊಕ್ಕರ್ ಗ್ಲಾಸು ತಂದಿಟ್ಟ.

"ಅವರಿಗೆಲ್ಲ ಒಂದೊಂದು ಕೊಟ್ರಿ ಭಟ್ರೆ. ದಿನಾ ಎರಡು ಚಾಯ ಕೊಡುವ ನನಗೆ ಮಾತ್ರ ಇಲ್ವಾ?"

"ಸಕ್ಕರೆ ಹಾಕ್ಲಿಲ್ಲ ನೀನು."

ಪೊಕ್ಕರ್ ಸಕ್ಕರೆ ಡಬ್ಬಿ ಹುಡುಕಿ ತರುವುದರೊಳಗೆ ಚಹಾದ ಮೇಲೆ ಕೆನೆ ಕಟ್ಟಿತ್ತು. ಭಟ್ಟರು ಹೇಳಿದರು: "ಚಹಾ ಆರಿದ ಮೇಲೆ ಸಕ್ಕರೆ ಬಂತು."

"ಇದು ಕವಿತೆಯಾ, ಕಂಪ್ಲೇಂಟಾ?"

"ಕವಿತೆ."

"ಹಾಗಾದ್ರೆ ಅಡ್ಡಿಯಿಲ್ಲ."

ಗಂಗಕ್ಕ ಬರೆದುಕೊಂಡರು. "ಮೂರಾಯ್ತು. ಪದ್ಯಕ್ಕೆ ನಾಲ್ಕು ಬೇಕು, ಕಡೆಯದ್ದು?" ಮೂವರೂ ಎದ್ದು ಭಟ್ಟರ ಸುತ್ತ ನಿಂತರು. ಭಟ್ಟರು ಸೋತರು. "ಇನ್ನು ಮಾತಾಡುವ, ಕೂತುಕೊಳ್ಳಿ" ಎಂದರು. ಅದು ಕವಿತೆಯಲ್ಲ, ಬೇಡಿಕೆ. ಗಂಗಕ್ಕ ಅದನ್ನೂ ಬರೆದುಕೊಂಡು, ಎಲ್ಲವನ್ನೂ ಕೂಡಿಸಿ ಓದಿದರು:

ಇಳಿಯುವ ನಿಲ್ದಾಣ ದಾಟಿದ ಮೇಲೆ
ಕಿಟಕಿಯ ಬದಿ ಜಾಗ ಸಿಕ್ಕಿತು;
ಚಹಾ ಆರಿದ ಮೇಲೆ ಸಕ್ಕರೆ ಬಂತು,
ಇನ್ನು ಮಾತಾಡುವ, ಕೂತುಕೊಳ್ಳಿ.

ಪೊಕ್ಕರ್ ಸ್ಟವ್ ಸಣ್ಣದು ಮಾಡಿದ. ಮಾಸ್ಟ್ರು ಕನ್ನಡಕ ತೆಗೆದು ಒರೆಸಿದರು. ಭಟ್ಟರು ಮಾತ್ರ ಏನನ್ನೂ ಕೇಳಿಸಿಕೊಳ್ಳಲಿಲ್ಲ. ಕಿಸೆ ಮುಟ್ಟಿ ನೋಡಿಕೊಳ್ಳುತ್ತಿದ್ದರು. ಜೊಳ್ಳು ಚೆಲ್ಲಿ ಕಾಳು ಉಳಿಸಿದೆನೆಂಬ ಸಮಾಧಾನ ಅವರಲ್ಲಿ ತುಂಬಿತ್ತು.

ಹನ್ನೆರಡಕ್ಕೆ ಆ ನಾಲ್ಕು ಸಾಲು ಗಂಗಕ್ಕನ ಫೋನಿನಿಂದ ಕಚೇರಿಯ ವಾಟ್ಸಾಪ್ ಗುಂಪಿಗೆ ಬಂತು; ಎರಡಕ್ಕೆ ಮಂಗಳೂರಿಗೆ ಹೋಗಿ, ಮೂರಕ್ಕೆ ದುಬಾಯಿ ಮುಟ್ಟಿ ಊರಿಗೆ ಮರಳಿತು. ನಾಲ್ಕಕ್ಕೆ ಭಟ್ಟರ ಹೆಂಡತಿಯೇ ಅದನ್ನು ಅವರಿಗೆ ಕಳುಹಿಸಿ, "ನೀವು ಬರೆದದ್ದಂತೆ. ಅರ್ಥ ಆಯಿತು" ಎಂದು ಸೇರಿಸಿದ್ದಳು. ಹದಿನೇಳು ವರ್ಷದ ದಾಂಪತ್ಯದಲ್ಲಿ ಅವರ ಕವಿತೆಗೆ ಆಕೆಯಿಂದ ಬಂದ ಮೊದಲ ವಿಮರ್ಶೆ ಅದು.

ವಾಚನಾಲಯದ ಬಾಗಿಲಲ್ಲೇ ಅಧ್ಯಕ್ಷ ಭುಜಂಗ ರಾಯರು ತಡೆದರು. "ಭಟ್ರೆ, ನಿಮ್ಮ ಕವಿತೆ ನಿಮಗಿಂತ ಮೊದಲೇ ಬಂದು ಕೂತಿದೆ. ಎಲ್ಲರ ಫೋನಿನಲ್ಲೂ ಉಂಟು. ನಿಯಮ ಪ್ರಕಾರ ನಿಮ್ಮನ್ನು ಪರಿಗಣಿಸ್ಲಿಕ್ಕೆ ಆಗುವುದಿಲ್ಲ."

ಭಟ್ಟರು ಕಿಸೆಯ ಮೇಲೆ ಕೈಯಿಟ್ಟರು. "ಅದು ನನ್ನದಲ್ಲ."

"ನಿಮ್ಮದಲ್ವಾ?"

"ದೇವರಾಣೆ ಅಲ್ಲ. ಬಸ್ಸಿನಲ್ಲಿ, ಚಹಾದಂಗಡಿಯಲ್ಲಿ ಬಾಯಿಂದ ಬಾಯಿಗೆ ಬಂದ ಮಾತು. ಅದಕ್ಕೆ ಕವಿಯೇ ಇಲ್ಲ."

"ಮೈಕಿನಲ್ಲಿ ಹೇಳ್ತೀರಾ?"

ಭಟ್ಟರು ಎಂಬತ್ತು ಜನರೆದುರು ಮೈಕಿನಲ್ಲಿ ಹೇಳಿದರು. ಮೂರನೆಯ ಸಾಲಿನ ಕುರ್ಚಿಯಲ್ಲಿದ್ದ ಗಂಗಕ್ಕ ಬಾಯಿ ತೆರೆದರು. ಭಟ್ಟರು ದುರುಗುಟ್ಟಿದೊಡನೆ ಮುಚ್ಚಿದರು. 'ಯಾರಿಗೂ ಹೇಳಬೇಡಿ' ಎಂಬ ಮಾತನ್ನು ಆ ದಿನದಲ್ಲಿ ಗಂಗಕ್ಕ ಪಾಲಿಸಿದ್ದು ಅದೊಂದೇ ಸಲ.

ಬಳಿಕ ಭಟ್ಟರು 'ಶೂನ್ಯದ ಸ್ವಗತ'ವನ್ನು ಬಿಡಿಸಿದರು. ಹದಿನಾರನೆಯ ಸಾಲಿಗೆ ಫ್ಯಾನಿನ ಸದ್ದು ಸ್ಪಷ್ಟವಾಗಿ ಕೇಳತೊಡಗಿತು. ಮೂವತ್ತೆರಡಕ್ಕೆ ಮಾಸ್ಟ್ರು ನಿದ್ರೆ ಹೋದರು. ನಲುವತ್ತೆಂಟಕ್ಕೆ ಹಿಂದಿನವರು ಉಪ್ಪಿಟ್ಟಿನ ವಾಸನೆ ಬಂದ ದಿಕ್ಕಿಗೆ ಎದ್ದರು. ನಾಲ್ಕು ವರ್ಷ ಯಾರೂ ಕಾಣದಂತೆ ಕಾದ ಕವಿತೆಯನ್ನು, ಈಗ ಕೇಳಿಸಬೇಕೆಂದರೂ ಕೇಳುವವರಿರಲಿಲ್ಲ.

ರಾಯರು ತೀರ್ಪು ಹೇಳಲು ನಿಂತರು. "ಶ್ಯಾಮ ಭಟ್ಟರ ಪ್ರಾಮಾಣಿಕತೆ ದೊಡ್ಡದು. ತನ್ನದಲ್ಲದ್ದನ್ನು ತನ್ನದಲ್ಲ ಅಂದರು. ಕವಿಯಿಲ್ಲದ್ದು ಜನಪದ. ನಮ್ಮ ನಿಯಮ ಇರುವುದು ಕವಿಗಳಿಗೆ, ಜನಪದಕ್ಕೆ ಹಿಡಿಯುವುದಿಲ್ಲ. ಯಾರೂ ಕೇಳದ ಜನಪದ ಅಂತ ಪ್ರಪಂಚದಲ್ಲಿ ಒಂದು ಇಲ್ಲ. ಆದ್ದರಿಂದ ಈ ವರ್ಷದ ಶಾಲು, ಆ ನಾಲ್ಕು ಸಾಲನ್ನು ಸಂಗ್ರಹಿಸಿಕೊಟ್ಟ ಗಂಗಕ್ಕನಿಗೆ."

ಚಪ್ಪಾಳೆಗೆ ಮಾಸ್ಟ್ರು ಎಚ್ಚರಗೊಂಡು, ಭಟ್ಟರ ಕವಿತೆ ಮುಗಿಯಿತೆಂದು ತಿಳಿದು ತಾವೂ ತಟ್ಟಿದರು.

ಶಾಲು ಹೊದ್ದ ಗಂಗಕ್ಕ ಭಟ್ಟರ ಬಳಿ ಬಂದು ಪಿಸುಗುಟ್ಟಿದರು. "ನಾನು ಬೇಡ ಅಂದೆ ಭಟ್ರೆ. ಆದ್ರೆ ನೀವು ದೇವರಾಣೆ ಹಾಕಿದ ಮೇಲೆ ನಿಮ್ಮನ್ನು ಸುಳ್ಳುಗಾರ ಮಾಡುವುದು ಹೇಗೆ?"

ಅಷ್ಟರಲ್ಲಿ ರಾಯರು ಸೀಮೆಸುಣ್ಣ ಹಿಡಿದು ಬಂದರು. "ನಿಮ್ಮ ಅಕ್ಷರ ದುಂಡಗೆ ಉಂಟಂತೆ. ಆ ನಾಲ್ಕು ಸಾಲನ್ನು ಬೋರ್ಡಿನಲ್ಲಿ ಬರೆದುಕೊಡಿ. ಒಂದು ವಾರ ಇರ್ಲಿ, ಬಂದವರು ಓದಲಿ."

ಭಟ್ಟರು ಬರೆದರು. ಕೆಳಗೆ 'ಜನಪದ' ಎಂದೂ, ಅದರ ಕೆಳಗೆ 'ಸಂಗ್ರಹ: ಗಂಗಾ' ಎಂದೂ ಬರೆದು, ಕೈಯ ಸುಣ್ಣ ಕೊಡವಿ, ಎರಡು ಹೆಜ್ಜೆ ಹಿಂದೆ ಸರಿದರು. ಆಮೇಲೆ, ಆ ದಿನದಲ್ಲಿ ಮೊದಲ ಬಾರಿಗೆ, ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿದರು.

ಕವಿತೆ ಚೆನ್ನಾಗಿತ್ತು.