ಎರಡು ಪಟ್ಟಿ ಮತ್ತು ಕೆಂಪಮ್ಮನ ಹಸು

ನನಗೆ ಯಾವುದನ್ನೂ ಬೇಡ ಅನ್ನಲು ಬರುವುದಿಲ್ಲ. ಮದುವೆ ಮನೆಯಲ್ಲಿ ಎರಡನೇ ಸಲ ಪಾಯಸ ತಂದರೆ, ನಾನು ಎಲೆಗೆ ಕೈ ಅಡ್ಡ ಹಿಡಿಯುವಷ್ಟರಲ್ಲಿ ಬಡಿಸಿ ಮುಂದೆ ಹೋಗಿರುತ್ತಾರೆ. ನಿಜ ಹೇಳಬೇಕೆಂದರೆ ಕೈಯನ್ನು ನಾನು ಬೇಕೆಂದೇ ನಿಧಾನವಾಗಿ ತರುತ್ತೇನೆ. ಊಟದಲ್ಲಿ ಈ ಗುಣದಿಂದ ನನ್ನ ಹೊಟ್ಟೆಗೆ ಮಾತ್ರ ತೊಂದರೆ. ಕಂಪ್ಯೂಟರ್ ಪ್ರೋಗ್ರಾಮ್ ಬರೆಯುವ ಕೆಲಸದಲ್ಲಾದರೆ ಊರಿಗೆಲ್ಲ ತೊಂದರೆ ಎಂದು ತಿಳಿದದ್ದು ಬೈರಾಪಟ್ಟಣದಲ್ಲಿ, ಒಂದು ಹಸುವಿನ ಎದುರಿಗೆ.

ಮಾಗಡಿಯಲ್ಲಿ ನನ್ನದೊಂದು ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ಟೈಪಿಂಗ್ ಕಲಿಯುವವರೇ ಇಲ್ಲವಾದ ಮೇಲೆ, ಐವತ್ತು ದಾಟಿದ ವಯಸ್ಸಿನಲ್ಲಿ ಪ್ರೋಗ್ರಾಮ್ ಬರೆಯುವುದನ್ನು ಕಲಿತೆ. ಕಲಿಸಿದವಳು ಸವಿತ. ಒಂದು ಕಾಲಕ್ಕೆ ನನ್ನ ಹತ್ತಿರವೇ ಟೈಪಿಂಗ್ ಕಲಿತವಳು, ಈಗ ಎರಡು ಮಕ್ಕಳ ತಾಯಿ, ನನ್ನ ಪಾಲುದಾರಳು. ಶಾಲೆಯೊಂದರ ಆಫೀಸಿನಲ್ಲಿದ್ದ ಕೆಲಸ ಬಿಟ್ಟು ಬಂದಳು. ಹಳೆಯ ಬೆಂಚುಗಳನ್ನು ಗೋಡೆಗೆ ಸರಿಸಿ ಅದೇ ಕೋಣೆಯಲ್ಲಿ ಇಬ್ಬರೂ ಶುರು ಮಾಡಿದೆವು. ಅವಳು ಇವತ್ತಿಗೂ ನನ್ನನ್ನು ಮೇಷ್ಟ್ರೇ ಅಂತಾಳೆ, ಬೈಯುವಾಗಲೂ.

ಈ ಕೆಲಸದಲ್ಲಿ ಎಲ್ಲವನ್ನೂ ನಾವೇ ಬರೆಯುವುದಿಲ್ಲ. ಬೇರೆಯವರು ಬರೆದಿಟ್ಟ ಸಿದ್ಧ ತುಣುಕುಗಳನ್ನು ಇಂಟರ್ನೆಟ್ಟಿನಿಂದ ತಂದು ಸೇರಿಸಿಕೊಳ್ಳುತ್ತೇವೆ. ಅವಕ್ಕೆ ಪ್ಯಾಕೇಜ್ ಎನ್ನುತ್ತಾರೆ. ಅವುಗಳಿಗೆ ಎರಡು ಪಟ್ಟಿ. ಪ್ರೋಗ್ರಾಮ್ ಓಡಲು ಬೇಕಾದವು ಒಂದರಲ್ಲಿ. ಬರೆಯುವಾಗ, ಪರೀಕ್ಷೆ ಮಾಡುವಾಗ ನಮಗಷ್ಟೇ ಬೇಕಾದವು ಇನ್ನೊಂದರಲ್ಲಿ. ಗಿರಾಕಿಯ ಕಂಪ್ಯೂಟರಿಗೆ ಮೊದಲನೆಯ ಪಟ್ಟಿ ಹೋದರೆ ಸಾಕು. "ತರೋದು ತನ್ನಿ ಮೇಷ್ಟ್ರೇ, ಯಾವ ಪಟ್ಟಿಗೆ ಅಂತ ನೋಡಿ ಹಾಕಿ" ಎಂದು ಸವಿತ ನೂರು ಸಲ ಹೇಳಿದ್ದಳು. ನಾನು ಕಂಡದ್ದನ್ನೆಲ್ಲ ತಂದೆ, ಮನಸ್ಸಿಗೆ ಬಂದ ಪಟ್ಟಿಗೆ ಹಾಕಿದೆ. ಸಾಲುಗಳನ್ನು ನೇರ ಮಾಡುವುದು, ತಪ್ಪು ಹುಡುಕುವುದು, ಹಸುಗಳ ಲೆಕ್ಕದ ಪ್ರೋಗ್ರಾಮಿನ ಪರೀಕ್ಷೆಗೆಂದು ಸುಳ್ಳು ಹಸುಗಳ ಹೆಸರು ಹುಟ್ಟಿಸುವುದು. ಪರೀಕ್ಷೆ ಪಾಸಾದರೆ ಪರದೆಯ ಮೇಲೆ ಬಣ್ಣದ ಕಾಗದದ ಚೂರು ಹಾರಿಸುವುದೂ ಒಂದಿತ್ತು. ಅದೆಂದರೆ ನನಗೆ ಪ್ರಾಣ.

ನಮ್ಮ ಮೊದಲ ಗಿರಾಕಿ ಬೈರಾಪಟ್ಟಣದಲ್ಲಿ ಸ್ವಂತ ಕ್ಲಿನಿಕ್ ಇಟ್ಟ ದನದ ಡಾಕ್ಟರು. ಯಾವ ಹಸುವಿಗೆ ಯಾವಾಗ ಲಸಿಕೆ ಹಾಕಿದ್ದು, ಮುಂದಿನದು ಯಾವತ್ತು ಎಂದು ತಿಳಿಸುವ ಪ್ರೋಗ್ರಾಮ್ ಕೇಳಿದ್ದರು. ರಾಮನಗರದಲ್ಲೊಂದು, ಚನ್ನಪಟ್ಟಣದಲ್ಲೊಂದು ಬಸ್ಸು ಬದಲಿಸಿ ನಾವು ಹೋಗಿ ಇಳಿದಾಗ ಕ್ಲಿನಿಕ್ಕಿನ ಅಂಗಳದಲ್ಲಿ ಆಗಲೇ ಹಸು ಹಿಡಿದುಕೊಂಡು ಜನ ನಿಂತಿದ್ದರು. ಅಂದು ಲಸಿಕೆಯ ದಿನ.

"ಇವತ್ತು ಇದು ಓಡಲಿಲ್ಲ ಅಂದ್ರೆ ನನಗೆ ನನ್ನ ನೋಟ್‌ಬುಕ್ಕೇ ಸಾಕು. ಎರಡೆರಡು ಕಡೆ ಬರೆಯೋಕೆ ಆಗಲ್ಲ" ಎಂದರು ಡಾಕ್ಟರು.

ಅವರ ಕಂಪ್ಯೂಟರು ಹಳೆಯದು, ಇಂಟರ್ನೆಟ್ಟು ಅದಕ್ಕಿಂತ ನಿಧಾನ. ನಾನು ಧಾರಾಳವಾಗಿ ಎರಡೂ ಪಟ್ಟಿಗಳನ್ನು ಇಳಿಸಲು ಕೂತೆ. ಅರ್ಧ ಗಂಟೆ ಕಳೆದ ಮೇಲೆ ಕಂಪ್ಯೂಟರು ಜಾಗವಿಲ್ಲ ಎಂದು ಕೈಚೆಲ್ಲಿತು. ಕಿಟಕಿಯಲ್ಲಿ ಒಬ್ಬ ಹೆಂಗಸು ಇಣುಕಿದಳು. ಕೆಂಪಮ್ಮ ಅಂತ, ಸರದಿಯಲ್ಲಿ ಮೊದಲನೆಯವಳು.

"ಇನ್ನೂ ಒಸಿ ಹೊತ್ತಾಯ್ತದಾ ಸಾಮಿ? ನಮ್ ಹಸ ಒಂದ್ಕಡೆ ನಿಲ್ಲಾಕಿಲ್ಲ."

ಇಳಿಸಿದ್ದನ್ನೆಲ್ಲ ಅಳಿಸಿ ಮೊದಲನೆಯ ಪಟ್ಟಿಯನ್ನು ಮಾತ್ರ ಇಳಿಸಿದೆ. ಬೇಗನೆ ಮುಗಿಯಿತು. ಗೆದ್ದವನಂತೆ ಸವಿತಳ ಕಡೆ ನೋಡಿ, ಕೆಂಪಮ್ಮನ ಹಸು ಗೌರಿಯ ಹೆಸರು ಟೈಪ್ ಮಾಡಿ, ಮುಂದಿನ ಲಸಿಕೆಯ ಗುಂಡಿ ಒತ್ತಿದೆ. ಪ್ರೋಗ್ರಾಮ್ ನಿಂತೇಹೋಯಿತು. ದಿನಾಂಕ ಲೆಕ್ಕ ಹಾಕುವ ಪ್ಯಾಕೇಜ್ ಎರಡನೆಯ ಪಟ್ಟಿಯಲ್ಲಿ ಉಳಿದುಬಿಟ್ಟಿತ್ತು. ಸುಳ್ಳು ಹಸುಗಳಿಗೆ ಹುಟ್ಟಿದ ದಿನ ಕೊಡಲೆಂದು ತಂದದ್ದು ಅದು. ಆಮೇಲೆ ಅದನ್ನೇ ನಿಜದ ಕೆಲಸಕ್ಕೂ ಬಳಸಿ, ಪಟ್ಟಿ ಬದಲಿಸುವುದನ್ನು ಮರೆತಿದ್ದೆ. ಮಾಗಡಿಯ ನಮ್ಮ ಕಂಪ್ಯೂಟರಿನಲ್ಲಿ ಎರಡೂ ಪಟ್ಟಿ ಇದ್ದುದರಿಂದ ತಪ್ಪು ಗೊತ್ತೇ ಆಗಿರಲಿಲ್ಲ.

ಡಾಕ್ಟರು ನೋಟ್‌ಬುಕ್ ಕೈಗೆತ್ತಿಕೊಂಡರು. ಸವಿತ ಬಿಟ್ಟು ಬಂದ ಶಾಲೆಯ ಕೆಲಸ ನನಗೆ ನೆನಪಾಯಿತು. ಅವಳು ಬೈಯಲೂ ಇಲ್ಲ. "ಹತ್ತೇ ನಿಮಿಷ ಕೊಡಿ ಡಾಕ್ಟ್ರೇ" ಎಂದು ನನ್ನನ್ನು ಕುರ್ಚಿಯಿಂದ ಎಬ್ಬಿಸಿ ತಾನು ಕೂತಳು. ಎರಡೂ ಪಟ್ಟಿ ತೆರೆದು ಒಂದೊಂದೇ ಓದತೊಡಗಿದಳು.

"ಇದು ಹಸುಗೆ ಬೇಕಾ, ನಿಮಗೆ ಬೇಕಾ?"

"ನನಗೆ."

"ಇದು?"

"ಅದೂ ನನಗೇ."

"ಬಣ್ಣದ ಕಾಗದ ಹಾರಿಸೋದು?"

ನಾನು ಸ್ವಲ್ಪ ಯೋಚಿಸಿದೆ. ಕಿಟಕಿಯಿಂದ ಕೆಂಪಮ್ಮ, "ಅದೊಂದು ಬ್ಯಾಡ ಬುಡಿ ಸಾಮಿ, ಹಸ ಬೆದ್ರುತದೆ" ಎಂದಳು.

ಮೊದಲನೆಯ ಪಟ್ಟಿಯಲ್ಲಿ ಕೊನೆಗೆ ಉಳಿದದ್ದು ಆರೇ ಆರು, ದಿನಾಂಕದ್ದೂ ಸೇರಿ. ಅಷ್ಟನ್ನು ಮಾತ್ರ ಇಳಿಸಿ ಸವಿತ ಗುಂಡಿ ಒತ್ತಿದಳು. ಗೌರಿಯ ಮುಂದಿನ ಲಸಿಕೆಯ ದಿನ ಪರದೆಯ ಮೇಲೆ ಬಂತು. ಡಾಕ್ಟರು ಬೆರಳು ಮಡಚಿ ತಿಂಗಳು ಎಣಿಸಿ ನೋಡಿ, ನೋಟ್‌ಬುಕ್ ಮುಚ್ಚಿ ಡ್ರಾಯರಿಗೆ ಹಾಕಿದರು.

"ಏನಾದರೂ ತೊಂದರೆ ಬಂದರೆ ಯಾರಿಗೆ ಫೋನ್ ಮಾಡಲಿ?" ಎಂದು ಕೇಳಿದರು. ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಸವಿತ ತನ್ನ ನಂಬರ್ ಹೇಳಿದಳು. ಡಾಕ್ಟರು ಅದನ್ನು ಗೋಡೆಯ ಮೇಲೆ ಬರೆದುಕೊಂಡು, "ಮೇಷ್ಟ್ರದು?" ಎಂದರು.

"ಬರೆಯೋವಾಗ ಅವರಿಲ್ದೆ ಆಗಲ್ಲ. ಇಲ್ಲಿಗೆ ನನ್ನ ನಂಬರ್ ಸಾಕು."

ಇದು ಹೊಗಳಿಕೆಯೋ ಅಲ್ಲವೋ ಎಂದು ತೀರ್ಮಾನಿಸಲಾಗದೆ ಅಂಗಳಕ್ಕೆ ಬಂದೆ. ಕೆಂಪಮ್ಮ ಹಗ್ಗ ತಂದು ನನ್ನ ಕೈಗಿಟ್ಟಳು. "ಸುಮ್ಕೆ ನಿಂತಿದ್ದೀರಲ್ಲಾ, ಒಸಿ ಬಿಗಿಯಾಗಿ ಹಿಡ್ಕಳಿ." ಡಾಕ್ಟರು ಸೂಜಿ ಚುಚ್ಚಿದರು. ಗೌರಿ ಒಂದು ಹೆಜ್ಜೆ ಹಿಂದೆ ಸರಿದು ನನ್ನ ಪಾದದ ಮೇಲೆ ಕಾಲಿಟ್ಟಳು. ಕಣ್ಣಲ್ಲಿ ನೀರು ಬಂದರೂ ನಾನು ಹಗ್ಗ ಬಿಡಲಿಲ್ಲ. ಬರೆಯುವಾಗ ಮಾತ್ರ ಬೇಕಾದ ನನಗೆ ಆ ದಿನ ಮೊದಲನೆಯ ಪಟ್ಟಿಯಲ್ಲಿ ಸಿಕ್ಕಿದ್ದ ಜಾಗ ಅದೊಂದೇ.