ಅರ್ಧ ನಿಮಿಷದ ಗಾಯಕಿ

ಯಾರ ಹಾಡು ಇಷ್ಟ ಎಂದು ಕೇಳಿದರೆ ನಿಜ ಹೇಳುವವರು ಕಡಿಮೆ. ಕೇಳಿದ ಕೂಡಲೇ ಕತ್ತು ನೆಟ್ಟಗಾಗುತ್ತದೆ, ಕಣ್ಣು ಅರ್ಧ ಮುಚ್ಚುತ್ತದೆ, ಯಾರೋ ದೊಡ್ಡ ವಿದ್ವಾಂಸರ ಹೆಸರು ಬಾಯಿಂದ ಬರುತ್ತದೆ. ನಾನೂ ಬಹಳ ವರ್ಷ ಹಾಗೆಯೇ ಹೇಳಿಕೊಂಡು ಬಂದೆ. ಇನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ನನ್ನ ಮೆಚ್ಚಿನ ಗಾಯಕಿಯ ಹೆಸರು ನನಗೆ ಗೊತ್ತಿಲ್ಲ. ಮುಖ ನೋಡಿಲ್ಲ. ಆಕೆ ಹಾಡಿದ್ದರಲ್ಲಿ ಅತಿ ದೊಡ್ಡ ಹಾಡು ಒಂದೂಕಾಲು ನಿಮಿಷದ್ದು. ಮಿಕ್ಕಿದ್ದೆಲ್ಲ ಅರ್ಧ ನಿಮಿಷದೊಳಗೆ ಮುಗಿಯುವಂಥವು. ಆ ಅರ್ಧರ್ಧ ನಿಮಿಷಗಳಲ್ಲಿ ಆಕೆ ನಮ್ಮ ಕಡೂರಿನ ಮನೆಗೆ ಹಲ್ಲುಪುಡಿ, ಟೀ ಪುಡಿ, ಬಟ್ಟೆ ಸೋಪು, ತಲೆಗೆ ಹಚ್ಚುವ ಎಣ್ಣೆ ಎಲ್ಲವನ್ನೂ ತಂದು ತುಂಬಿದ್ದಾಳೆ. ನಮ್ಮದು ಮೂರು ತಲೆಮಾರಿನಿಂದ ಕಾಫಿ ಕುಡಿಯುವ ಮನೆ ಎಂಬುದನ್ನು ಇಲ್ಲಿ ಹೇಳಿಬಿಡಬೇಕು. ಆ ಟೀ ಪುಡಿಯ ಪೊಟ್ಟಣಗಳು ಡಬ್ಬಿಯ ಹಿಂದೆ ಹಾಗೇ ಇದ್ದವು, ದೇವರಿಗೆ ಬಿಟ್ಟ ಬಸವನ ಹಾಗೆ.

ಇಷ್ಟಕ್ಕೂ ಈ ಎಲ್ಲ ಹಾಡು ಹಾಡುವವಳು ಒಬ್ಬಳೇ ಎಂದು ನನಗೆ ಹೇಗೆ ಗೊತ್ತು? ಅದಕ್ಕೆ ನಾನು ಓದಿದ ಕಾನ್ವೆಂಟನ್ನು ನೆನೆಯಬೇಕು. ಅಲ್ಲಿ ನಮಗೆ ಹಾಡು ಹೇಳಿಕೊಡುತ್ತಿದ್ದ ಸಿಸ್ಟರ್ ಒಬ್ಬರಿದ್ದರು. ನಮ್ಮನ್ನು ಗೋಡೆಯ ಕಡೆ ತಿರುಗಿಸಿ ನಿಲ್ಲಿಸಿ, ಯಾರಾದರೂ ಒಬ್ಬಳಿಂದ ಒಂದು ಸಾಲು ಹಾಡಿಸಿ, "ಯಾರು ಹಾಡಿದ್ದು? ಹೇಗೆ ಗೊತ್ತಾಯಿತು?" ಎಂದು ಕೇಳುತ್ತಿದ್ದರು. ಸಿಸ್ಟರ್ ಪ್ರಕಾರ ದನಿಗಿಂತ ಉಸಿರು ನಂಬಿಕಸ್ಥ; ದನಿ ಬದಲಾಯಿಸಬಹುದು, ಉಸಿರು ತೆಗೆದುಕೊಳ್ಳುವ ಜಾಗ ಬದಲಾಯಿಸಲಾಗದು. ಅಷ್ಟು ವರ್ಷ ಓದಿದ್ದರಲ್ಲಿ ನನಗೆ ಉಳಿದದ್ದು ಓರೆಯಾದ ಇಂಗ್ಲಿಷ್ ಕೈಬರಹ ಮತ್ತು ಈ ಒಂದು ವಿದ್ಯೆ. ನನ್ನ ಗಾಯಕಿ ಕೊನೆಯ ಮಾತಿಗೆ ಮುಂಚೆ ಗುಬ್ಬಚ್ಚಿಯಷ್ಟು ಉಸಿರು ತೆಗೆದುಕೊಳ್ಳುತ್ತಾಳೆ, ಆಮೇಲೆ ಆ ಮಾತನ್ನು ನಗುತ್ತ ಹೇಳುತ್ತಾಳೆ. ನಗು ಕಾಣುವುದಿಲ್ಲ, ಕೇಳಿಸುತ್ತದೆ. ಸೋಪಿನ ಹಾಡಿನಲ್ಲೂ ಅದೇ, ಹಲ್ಲುಪುಡಿಯಲ್ಲೂ ಅದೇ. ಟೀವಿ ಬಂದ ಮೇಲೆ ಹಿಂದಿ ಜಾಹೀರಾತಿಗೆ ಹಾಡಿದಾಗಲೂ ಅದೇ ಗುಬ್ಬಚ್ಚಿ, ಅದೇ ನಗು.

ನಮ್ಮವರು ಹೈಸ್ಕೂಲು ಮೇಷ್ಟ್ರು. ಪಂಚನಹಳ್ಳಿಯಲ್ಲಿ ಅವರ ಪಾಲಿನ ತೆಂಗಿನ ತೋಟವಿದೆ. ವರ್ಷಕ್ಕೆ ಬೇಕಾದ ಎಣ್ಣೆಯನ್ನು ನಮ್ಮದೇ ಕೊಬ್ಬರಿ ಗಾಣಕ್ಕೆ ಹಾಕಿಸಿ ತರುವುದು ರೂಢಿ. ಇಂಥ ಮನೆಗೆ ಸೊಸೆಯಾಗಿ ಬಂದವಳು ಅಂಗಡಿಯಿಂದ ಕೊಬ್ಬರಿ ಎಣ್ಣೆಯ ಸೀಸೆ ತಂದಳೆಂದರೆ ಅತ್ತೆಗೆ ಹೇಗಾಗಬೇಡ! ಸೀಸೆಯನ್ನು ಹೊಲಿಗೆ ಮಿಷನ್ನಿನ ಹಿಂದೆ ಬಚ್ಚಿಟ್ಟಿದ್ದೆ. ಅತ್ತೆ ಸೂಜಿ ಹುಡುಕಲು ಹೋಗಿ ಸೀಸೆ ಹುಡುಕಿಕೊಂಡು ಬಂದರು.

"ಇದೇನೇ ವಿಮಲಾ ಇದು? ಅಟ್ಟದ ಮೇಲೆ ಕೊಬ್ರಿ ಬಿದ್ದು ಉಳ್ಳಾಡ್ತೈತೆ, ನೀನು ಸೀಸೇಲಿ ತಂದಿದೀಯಲ್ಲ!"

"ಅದರ ವಾಸನೆ ಚೆನ್ನಾಗಿದೆ ಅತ್ತೆ."

"ವಾಸನೆ ಅಲ್ಲಮ್ಮ," ಎಂದಳು ನನ್ನ ನಾದಿನಿ ಕುಸುಮ, ಅಕ್ಕಿ ಆರಿಸುತ್ತ. "ಅತ್ತಿಗೆಗೆ ಅದರ ಹಾಡು ಚೆನ್ನಾಗಿದೆ."

"ಹಾಡು ಕೇಳ್ದೋರೆಲ್ಲ ಸೀಸೆ ತಗಬೇಕಾ? ಹಂಗಾದ್ರೆ ಹರಿಕಥೆ ಕೇಳಿ ಬಂದೋರು ದಾಸರನ್ನೇ ಮನೆಗೆ ಹೊತ್ಕೊಂಡು ಬರಬೇಕಾಗಿತ್ತಲ್ಲ!"

ಆ ಎಣ್ಣೆಯ ಹಾಡು ನಮ್ಮ ಅಡುಗೆಮನೆಯ ಸುಪ್ರಭಾತವಾಗಿತ್ತು. ರೇಡಿಯೋ ಇರಲಿ ಬಿಡಲಿ, ಕುಸುಮ ಸಾಲು ಎತ್ತುವಳು, ನಾನು ಒಗ್ಗರಣೆ ಸೌಟು ಹಿಡಿದುಕೊಂಡೇ ಕೊನೆಯ ಸಾಲು ಸೇರಿಸುವೆ: "ಮಿರಮಿರ ಮಿಂಚುವ ಜಡೆ... ನಂದು!" ಆ 'ನಂದು' ಎಂಬುದರ ಮುಂಚೆಯೇ ಗುಬ್ಬಚ್ಚಿ ಉಸಿರು. ಎರಡು ವರ್ಷದಲ್ಲಿ ಇದು ಎಷ್ಟು ಅಭ್ಯಾಸವಾಗಿತ್ತೆಂದರೆ, ಅವಳು ನಿಲ್ಲಿಸಿದರೆ ನನ್ನ ಬಾಯಿ ತಾನಾಗಿ ತೆರೆದುಕೊಳ್ಳುತ್ತಿತ್ತು.

ಆಮೇಲೆ ಟೀವಿ ಬಂತು. ಮಾಡಿನ ಮೇಲೆ ಬಿದಿರಿನ ಗಳಕ್ಕೆ ಆಂಟೆನಾ ಕಟ್ಟಿದೆವು. ಭಾನುವಾರ ಬೆಳಿಗ್ಗೆ ಒಂದು ಧಾರಾವಾಹಿ. ಅದರ ಶುರುವಿನ ಹಾಡು ನನ್ನ ಗಾಯಕಿಯದು! ಆ ಒಂದೂಕಾಲು ನಿಮಿಷದ ಹಾಡು ಅದೇ. ಯಾವುದನ್ನೂ ಮಾರುವ ಹೊಣೆಯಿಲ್ಲದೆ ಆಕೆ ಹಾಡಿದ್ದನ್ನು ಕೇಳಿದ್ದು ಅದೇ ಮೊದಲು. ಹೆಗಲ ಮೇಲಿನ ಬುಟ್ಟಿ ಇಳಿಸಿದವರ ಹಾಗೆ ಹಾಡುತ್ತಿದ್ದಳು. ನಾನು ಕೈ ಒರೆಸಿಕೊಂಡು ಬಂದು ಎಲ್ಲರಿಗಿಂತ ಮುಂದೆ ಕೂರುವೆ. ಹಾಡು ಮುಗಿದು ಕಥೆ ಶುರುವಾದ ಕೂಡಲೇ ಎದ್ದು ಬೇಳೆ ನೋಡಲು ಹೋಗುವೆ. ಪಕ್ಕದ ಮನೆಯ ಸರೋಜಮ್ಮ, "ಊಟಕ್ಕೆ ಕರೆದ್ರೆ ಉಪ್ಪು ನೆಕ್ಕಿ ಎದ್ದು ಹೋಗೋರು ನೀವೊಬ್ರೇ ಕಣ್ರೀ," ಎನ್ನುತ್ತಿದ್ದರು. ಪರದೆಯ ಮೇಲೆ ಹೆಸರುಗಳು ಓಡುವಾಗ ಮಾತ್ರ ಮತ್ತೆ ಬರುವೆ. ಗಾಯಕಿಯ ಹೆಸರು ಬರುವ ಹೊತ್ತಿಗೆ ಸರಿಯಾಗಿ ಆಂಟೆನಾದ ಮೇಲೆ ಕಾಗೆ ಕೂರುತ್ತಿತ್ತು. ಅದು ಪ್ರತಿ ವಾರ ಒಂದೇ ಕಾಗೆಯೋ, ಸರದಿಯ ಮೇಲೆ ಬರುತ್ತಿದ್ದವೋ ತಿಳಿಯದು. ಹೆಸರು ಪಟ್ಟೆಪಟ್ಟೆಯಾಗಿ ಮಾಯವಾಗುತ್ತಿತ್ತು.

ಇದೆಲ್ಲ ಒಬ್ಬ ಗೃಹಿಣಿಯ ಚಾಳಿಯಾಗಿ ಉಳಿದಿದ್ದರೆ ಯಾರಿಗೂ ನಷ್ಟವಿರಲಿಲ್ಲ. ಆದರೆ ಕುಸುಮಳಿಗೆ ಗಂಡು ನೋಡುತ್ತಿದ್ದರು. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ಮುಗಿಸಿ, "ಎಲ್ಲಿ, ಒಂದು ಹಾಡು ಹೇಳಮ್ಮ" ಎನ್ನುವುದು ಆಗಿನ ಪದ್ಧತಿ. ಹುಡುಗಿಗೆ ಬಾಯಿದೆ ಎಂದು ಖಾತ್ರಿ ಮಾಡಿಕೊಳ್ಳಲೋ, ಎಷ್ಟಿದೆ ಎಂದು ಅಳೆಯಲೋ, ನನಗೆ ಗೊತ್ತಿಲ್ಲ. ಕುಸುಮಳ ಕಂಠ ಒಳ್ಳೆಯದು. ಆದರೆ ದೇವರನಾಮ ಎಂದರೆ ಎರಡನೇ ಸಾಲಿಗೆ ಅವಳಿಗೆ ಧಾಟಿ ಮರೆತು ಕಣ್ಣಲ್ಲಿ ನೀರು ಬರುತ್ತಿತ್ತು. ಅಜ್ಜಂಪುರದಿಂದ ಬಂದವರೂ ಯಗಟಿಯಿಂದ ಬಂದವರೂ ಆ ಕಣ್ಣೀರು ನೋಡಿ ಎದ್ದು ಹೋದರು, ಮತ್ತೆ ಸುದ್ದಿಯಿಲ್ಲ. ಮೂರನೆಯದಾಗಿ ತರೀಕೆರೆಯ ಸಂಬಂಧ ಬಂತು. ಹುಡುಗ ನಾಗರಾಜ ಕೆಮ್ಮಣ್ಣುಗುಂಡಿಯ ಹೂದೋಟದಲ್ಲಿ ಗುಮಾಸ್ತ. ಹುಡುಗನ ಫೋಟೋ ಅತ್ತೆಯ ಪೆಟ್ಟಿಗೆಯಲ್ಲಿರಬೇಕಾಗಿತ್ತು. ಅದು ಕುಸುಮಳ ಕಸೂತಿ ಪುಸ್ತಕದೊಳಗೆ ಇದ್ದದ್ದನ್ನು ನಾನೊಬ್ಬಳೇ ನೋಡಿದೆ. ಮಾರನೆಯ ದಿನ ಫೋಟೋ ಪುಟ ಬದಲಿಸಿತ್ತು, ಗುಲಾಬಿ ಮಾದರಿಯ ಪುಟಕ್ಕೆ. ನೋಡಿಯೂ ನೋಡದವಳ ಹಾಗೆ ಪುಸ್ತಕ ಮುಚ್ಚಿದೆ. ಈ ಸಲ ಅವಳು ಅಳುವಂತಿಲ್ಲ ಎಂದು ಆಗಲೇ ನಿಶ್ಚಯಿಸಿದ್ದೆ.

"ಹುಡುಗನ ಸೋದರಮಾವ ರಂಗಪ್ಪ ಅಂತ, ಭಜನೆ ಮೇಳದ ಯಜಮಾನ. ಹಾಡು ಕೇಳ್ದೆ ಬಿಡೋ ಮನುಷ್ಯ ಅಲ್ಲ," ಎಂದರು ಅತ್ತೆ. "ನೀನು ಕಾನ್ವೆಂಟಲ್ಲಿ ಓದ್ದೋಳಲ್ಲವಾ, ಹದಿನೈದು ದಿನದಲ್ಲಿ ಒಂದು ದೇವರನಾಮ ಕಲಿಸು."

ಕಾನ್ವೆಂಟಿಗೂ ದೇವರನಾಮಕ್ಕೂ ಏನು ಸಂಬಂಧ ಎಂದು ಅತ್ತೆಯನ್ನು ಕೇಳುವ ಧೈರ್ಯ ನನಗೆ ಇಂದಿಗೂ ಬಂದಿಲ್ಲ. ಅತ್ತೆಯ ತವರಿನಿಂದ ಬಂದ ಒಂದು ಹಾಡಿತ್ತು. ರಂಗನಾಥಸ್ವಾಮಿಯನ್ನು ಬೆಳಿಗ್ಗೆ ಎಬ್ಬಿಸಿ, ಮುದ್ದು ಮಾಡಿ, ಮಜ್ಜನಕ್ಕೆ ಕರೆಯುವ ಹಾಡು. ಅದರ ಧಾಟಿ ಹೇಗಿತ್ತೆಂದರೆ, ಎದ್ದ ದೇವರು ಮತ್ತೆ ಮಲಗಬೇಕು. ಐದು ದಿನ ಕಲಿಸಿದೆ. ಐದು ದಿನವೂ ಎರಡನೇ ಸಾಲಿಗೆ ಕಣ್ಣೀರು. ಆರನೇ ದಿನ ಒರಳಿನ ಮುಂದೆ ಕೂತಿದ್ದಾಗ ನನಗೆ ಹೊಳೆಯಿತು. ಧಾಟಿ ಮರೆತುಹೋದರೆ ತಾನೇ ತೊಂದರೆ? ಅವಳು ಸತ್ತರೂ ಮರೆಯದ ಧಾಟಿ ಒಂದಿದೆಯಲ್ಲ! ದೇವರನಾಮದ ಮಾತನ್ನು ಎಣ್ಣೆಯ ಹಾಡಿಗೆ ಕೂರಿಸಿ ನೋಡಿದೆ. ಅಳತೆ ತೆಗೆದು ಹೊಲಿಸಿದ ರವಿಕೆಯ ಹಾಗೆ ಕೂತಿತು.

"ಅತ್ತಿಗೆ, ಪಾಪ ಬರಲ್ವಾ?" ಎಂದಳು ಕುಸುಮ.

"ನಿಧಾನವಾಗಿ ಹೇಳು, ಕಣ್ಣು ಮುಚ್ಚಿಕೋ. ಕಣ್ಣು ಮುಚ್ಚಿ ಹಾಡಿದ್ದೆಲ್ಲ ದೇವರನಾಮವೇ," ಎಂದೆ. ಸಿಸ್ಟರ್ ಕೇಳಿದ್ದರೆ ನನ್ನನ್ನು ಗೋಡೆಯ ಕಡೆ ತಿರುಗಿಸಿ ಅಲ್ಲೇ ಬಿಟ್ಟುಬಿಡುತ್ತಿದ್ದರು. ಅತ್ತೆಗೂ ಹಾಡಿ ತೋರಿಸಿದೆವು. "ಲಕ್ಷಣವಾಗೈತೆ ಕಣೇ. ಎಲ್ಲೋ ಕೇಳ್ದಂಗೈತೆ," ಎಂದರು. "ನಿಮ್ಮ ತವರಿನದೇ ಅಲ್ಲವಾ ಅತ್ತೆ?" ಎಂದೆ. ಆ ಮಾತಿನಲ್ಲಿ ಸುಳ್ಳಿಲ್ಲ.

ತರೀಕೆರೆಯವರು ಹತ್ತು ಗಂಟೆಯ ಬಸ್ಸಿಗೆ ಬಂದರು: ಹುಡುಗ, ಅವನ ತಾಯಿ, ಸೋದರಮಾವ ರಂಗಪ್ಪನವರು. ರಂಗಪ್ಪನವರ ಹಣೆಯ ಮೇಲೆ ನಾಮ, ಮುಖದಲ್ಲಿ ನಗುವಿಲ್ಲ. ಉಪ್ಪಿಟ್ಟು ಮುಗಿಯಿತು. ಕೈ ತೊಳೆದು ಬಂದವರೇ ತೊಡೆಯ ಮೇಲೆ ಅಂಗೈ ಇಟ್ಟುಕೊಂಡು ತಾಳಕ್ಕೆ ಸಿದ್ಧರಾದರು. "ಹಾಡಮ್ಮ ತಾಯಿ."

ಕುಸುಮ ಕಣ್ಣು ಮುಚ್ಚಿ ಹಾಡಿದಳು. ಎರಡನೇ ಸಾಲು ಬಂತು, ದಾಟಿತು. ಮೂರನೆಯದೂ ದಾಟಿತು. ರಂಗಪ್ಪನವರ ಅಂಗೈ ತಾಳ ಹಾಕುತ್ತಿತ್ತು, ಅತ್ತೆ ಸೆರಗಿನಿಂದ ಕಣ್ಣು ಒರೆಸಿಕೊಂಡರು. ನಾನು ಕಾಫಿಯ ತಟ್ಟೆ ಹಿಡಿದು ಅಡುಗೆಮನೆಯ ಹೊಸಿಲು ದಾಟುತ್ತಿದ್ದೆ. ತಟ್ಟೆಯಲ್ಲಿ ಆರು ಲೋಟ, ಒಂದರ ಅಂಚಿನಲ್ಲಿ ನೊರೆ ತುಳುಕುತ್ತಿತ್ತು. ನನ್ನ ಗಮನವೆಲ್ಲ ಆ ನೊರೆಯ ಮೇಲೆ. ಕುಸುಮ ಕೊನೆಯ ಸಾಲು ಮುಗಿಸಿ ನಿಲ್ಲಿಸಿದಳು. ಮನೆಯೆಲ್ಲ ನಿಶ್ಶಬ್ದ. ಆ ನಿಶ್ಶಬ್ದದೊಳಗೆ, ನನ್ನ ಅಪ್ಪಣೆಯಿಲ್ಲದೆ, ನನ್ನ ಬಾಯಿ ತೆರೆದುಕೊಂಡಿತು.

"ಮಿರಮಿರ ಮಿಂಚುವ ಜಡೆ... ನಂದು!"

ಉಸಿರು ಕೂಡ ಸರಿಯಾದ ಜಾಗದಲ್ಲೇ ತೆಗೆದುಕೊಂಡಿದ್ದೆ. ರಂಗಪ್ಪನವರ ಅಂಗೈ ತೊಡೆಗೂ ಗಾಳಿಗೂ ನಡುವೆ ನಿಂತಿತು. ನಮ್ಮವರು ಪೇಪರನ್ನು ಮುಖದ ತನಕ ಎತ್ತಿದರು. ಅತ್ತೆಗೆ ಈ ಧಾಟಿ ಎಲ್ಲಿ ಕೇಳಿದ್ದೆಂದು ಆ ಕ್ಷಣಕ್ಕೆ ನೆನಪಾಗಿದ್ದು ಅವರ ಮೂಗಿನಲ್ಲಿ ಕಾಣಿಸಿತು. ಕುಸುಮ ಮೊದಲ ಬಾರಿಗೆ ತಲೆಯೆತ್ತಿ ನನ್ನನ್ನು ನೋಡಿದಳು. ಕಸೂತಿ ಪುಸ್ತಕದ ಗುಲಾಬಿ ಪುಟ ನನ್ನ ಕಣ್ಣ ಮುಂದೆ ಬಂತು. ಮೂರನೆಯವರನ್ನೂ ಕಳಿಸಿದೆಯಲ್ಲೇ ವಿಮಲಾ, ಅದೂ ಕಾಫಿ ಕುಡಿಯುವ ಮುಂಚೆ ಎಂದುಕೊಂಡೆ.

"ಅಕ್ಕಾವ್ರೇ," ಎಂದ ಹುಡುಗ. ಅಲ್ಲಿಯವರೆಗೆ ಅವನು ಬಾಯಿ ಬಿಟ್ಟಿರಲಿಲ್ಲ. "ಟೀ ಪುಡೀದು ಹಾಡೋರೂ ಅವರೇ ಅಲ್ವಾ?"

ನನಗೆ ಪರಿಸ್ಥಿತಿ ಮರೆತೇ ಹೋಯಿತು. "ಹೌದು! ನಿಮಗೆ ಹೇಗೆ ಗೊತ್ತು?"

"ಕೊನೇಲಿ ಚೂರು ನಗ್ತಾರಲ್ಲ. ಬೆಟ್ಟದ ಮೇಲೆ ನಮಗೆ ರೇಡಿಯೋನೇ ಗತಿ. ಅದನ್ನೇ ಕೇಳ್ತಾ ಕೂತಿರ್ತೀನಿ."

"ನಗುವ ಮುಂಚೆ ಉಸಿರು ತಗೋತಾರೆ, ಗಮನಿಸಿದ್ದೀರಾ?"

"ಭಾನುವಾರ ಊರಿಗೆ ಬಂದಾಗ ಟೀವೀಲಿ ನೋಡ್ತೀನಲ್ಲ, ಆ ಧಾರಾವಾಹೀಲಿ ಮಾತ್ರ ನಗಲ್ಲ."

"ಅದೇ ನಾನೂ ಹೇಳೋದು! ಅದರಲ್ಲಿ ಯಾವ ಬುಟ್ಟಿಯೂ ಇಲ್ಲ ನೋಡಿ!"

ತಟ್ಟೆ ಸಮೇತ ನೆಲದ ಮೇಲೆ ಕೂತುಬಿಟ್ಟಿದ್ದೆ. ಎಷ್ಟು ವರ್ಷದಿಂದ ಈ ಮಾತಾಡಲು ಒಬ್ಬರು ಸಿಗಲಿ ಎಂದು ಕಾದಿದ್ದೆನೋ! ಬಟ್ಟೆ ಸೋಪಿನವರೆಗೂ ಹೋಗಿದ್ದೆವೇನೋ, ಅಷ್ಟರಲ್ಲಿ ಅತ್ತೆಯ ದನಿ ಬಂತು.

"ಏನಪ್ಪಾ, ನೀನು ನೋಡಕ್ ಬಂದಿರೋದು ನನ್ನ ಮಗಳನ್ನೋ, ಸೊಸೇನೋ?"

ಮೊದಲು ನಕ್ಕವಳು ಕುಸುಮ. ಹೆಣ್ಣು ನೋಡಲು ಬಂದವರ ಮುಂದೆ ಹೆಣ್ಣು ನಗಬಾರದು ಎಂಬುದನ್ನೆಲ್ಲ ಮರೆತು, ಬಾಯಿಗೆ ಸೆರಗನ್ನೂ ಅಡ್ಡ ಹಿಡಿಯದೆ ನಕ್ಕಳು. ಹುಡುಗ ಅವಳನ್ನು ಆಗ ನೋಡಿದ. ಅಲ್ಲಿಯವರೆಗೆ ನೆಲ ನೋಡುತ್ತಿದ್ದ. ಹುಡುಗನ ತಾಯಿ ಲೋಟ ಎತ್ತಿಕೊಳ್ಳುತ್ತ, "ಇವನ ಕಾಟ ಕೇಳ್ಬೇಡಿ ಕಣ್ರೀ. ಸಾಮಾನಿಗೆ ಕಳಿಸಿದ್ರೆ ಆ ಎಣ್ಣೆ ಸೀಸೇನೇ ತರ್ತಾನೆ," ಎಂದರು. ಅತ್ತೆಗೆ ತಮ್ಮ ಕಷ್ಟ ಹೇಳಿಕೊಳ್ಳಲು ಜನ ಸಿಕ್ಕಿದಂತಾಯಿತು.

ಉಳಿದವರು ರಂಗಪ್ಪನವರು. ಎಲ್ಲರೂ ಅವರ ಮುಖ ನೋಡಿದೆವು. ಅವರು ಕಾಫಿಯನ್ನು ಪೂರ್ತಿ ಕುಡಿದು, ಲೋಟ ಕೆಳಗಿಟ್ಟು, ಮೀಸೆ ಒರೆಸಿಕೊಂಡರು. "ಸ್ವಾಮಿನ ಮಜ್ಜನಕ್ಕೆ ಕರೆಯೋ ಹಾಡು ತಾನೇ? ಮಜ್ಜನಕ್ಕೆ ಮುಂಚೆ ಎಣ್ಣೆ ಹಚ್ಚೋದು ಶಾಸ್ತ್ರಾನೇ," ಎಂದರು. ಆಮೇಲೆ ಕುಸುಮಳ ಕಡೆ ತಿರುಗಿ, "ಇನ್ನೊಂದ್ಸಲ ಹೇಳಮ್ಮ ತಾಯಿ, ಧಾಟಿ ಹಿಡ್ಕೋತೀನಿ. ಅಕ್ಕಾವ್ರೇ, ನೀವು ಸ್ವಲ್ಪ ಹೊತ್ತು ಒಳಗಿರಿ."

ಮದುವೆಯಾಯಿತು. ಇದಾಗಿ ಮೂರು ವರ್ಷ. ಎಣ್ಣೆಯ ಜಾಹೀರಾತು ಬದಲಾಗಿ ಈಗ ಯಾರೋ ಗಂಡಸು ಗದರಿಸಿದಂತೆ ಮಾತಾಡುತ್ತಾನೆ. ಧಾರಾವಾಹಿ ಮುಗಿಯಿತು, ಕಾಗೆಯೂ ಬರುವುದು ನಿಲ್ಲಿಸಿದೆ. ನನ್ನ ಗಾಯಕಿ ಎಲ್ಲಿದ್ದಾಳೋ, ಈಗ ಏನು ಮಾರುತ್ತಿದ್ದಾಳೋ ತಿಳಿಯದು. ಆದರೆ ಧನುರ್ಮಾಸದಲ್ಲಿ ತರೀಕೆರೆಗೆ ಹೋದರೆ ಬೆಳಗಿನ ಭಜನೆಯಲ್ಲಿ ರಂಗಪ್ಪನವರ ಮೇಳ ಆ ಹಾಡನ್ನೇ ಹೇಳುತ್ತದೆ. ಹತ್ತು ಜನ ಹಿರಿಯರು ಕಣ್ಣು ಮುಚ್ಚಿ, ತಾಳ ಹಿಡಿದು, ತಲೆದೂಗುತ್ತ ಹಾಡುತ್ತಾರೆ. ಅರ್ಧ ನಿಮಿಷದಲ್ಲಿ ಮುಗಿಯುತ್ತಿದ್ದ ಧಾಟಿ ಅಲ್ಲಿ ಕಾಲು ಗಂಟೆ ಬೆಳೆದಿದೆ. ಆಕೆಗೆ ಸಿಗಬೇಕಾಗಿದ್ದ ಹೊತ್ತು ಕೊನೆಗೂ ಸಿಕ್ಕಿತಲ್ಲ ಎಂದು ನನ್ನ ಕಣ್ಣು ಒದ್ದೆಯಾಗುತ್ತದೆ. ಪಕ್ಕದವರು ಭಕ್ತಿ ಎಂದುಕೊಳ್ಳುತ್ತಾರೆ.

ಕೊನೆಯ ಸಾಲು ಹತ್ತಿರ ಬಂದಾಗ ಮಾತ್ರ ಕುಸುಮ ಕೈ ಚಾಚಿ ನನ್ನ ತೊಡೆ ಚಿವುಟಿ ಹಿಡಿಯುತ್ತಾಳೆ. ನಾನು ಸೆರಗಿನ ತುದಿಯನ್ನು ಹಲ್ಲಿನ ನಡುವೆ ಕಚ್ಚಿಕೊಳ್ಳುತ್ತೇನೆ. ಹಾಡು ನಿಲ್ಲುತ್ತದೆ, ಗುಡಿಯೆಲ್ಲ ನಿಶ್ಶಬ್ದವಾಗುತ್ತದೆ, ನಾನು ಗುಬ್ಬಚ್ಚಿಯಷ್ಟು ಉಸಿರು ತೆಗೆದುಕೊಂಡು ಮನಸ್ಸಿನಲ್ಲೇ ಉಳಿದ ಸಾಲು ಹೇಳಿ ಮುಗಿಸುತ್ತೇನೆ. ಸ್ವಾಮಿಯ ಮುಖ ನೋಡಿದರೆ ನಗು ತಡೆದುಕೊಂಡ ಹಾಗೆಯೇ ಇರುತ್ತದೆ. ಇರದೇನು? ಗಾಣದ ಎಣ್ಣೆ ಹಚ್ಚಿದ ಅತ್ತೆಯ ಜಡೆ ಅರವತ್ತರಲ್ಲೂ ಹಗ್ಗದಷ್ಟು ದಪ್ಪವಿದೆ. ನಿಷ್ಠೆಯಿಂದ ಸೀಸೆಯ ಎಣ್ಣೆಯನ್ನೇ ಹಚ್ಚಿಕೊಂಡು ಬಂದ ನನ್ನದು ಇಲಿಯ ಬಾಲದಷ್ಟಾಗಿದೆ. ಆದರೂ ಸೀಸೆ ಬದಲಿಸಿಲ್ಲ. ಎಣ್ಣೆ ಕೆಟ್ಟದ್ದಾದರೆ ಹಾಡಿದವಳ ತಪ್ಪೇನು?